ಲ್ಯಾಪ್‌ಟಾಪ್ ನಿಧಾನವಾಗಿದೆ: ಪಾರ್ಟಿಷನ್ ಮಾಡಬೇಕಾ, ಎಸ್‌ಎಸ್‌ಡಿ ಹಾಕಿಸಬೇಕಾ?

ಅತ್ತಿಗೆಯ ಲ್ಯಾಪ್‌ಟಾಪ್ ಆನ್ ಮಾಡಿ ಒಲೆಯ ಮೇಲೆ ಕುಕ್ಕರ್ ಇಟ್ಟರೆ, ಅದು ಮೂರು ಸಲ ಕೂಗಿದ ಮೇಲೆ ವರ್ಡ್ ತೆರೆಯುತ್ತಿತ್ತು. ಸುಮ್ನೆ ಹೇಳುತ್ತಿಲ್ಲ, ಅಡುಗೆಮನೆ ಬಾಗಿಲಲ್ಲಿ ನಿಂತು ನಾನೇ ಎಣಿಸಿದ್ದೇನೆ. ಅವರು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಪ್ರಶ್ನೆಪತ್ರಿಕೆ, ಅಂಕಪಟ್ಟಿ, ಮಕ್ಕಳ ನಾಟಕದ ಫೋಟೊ ಎಲ್ಲ ಅದರಲ್ಲೇ. 1 ಟಿಬಿ ಹಾರ್ಡ್ ಡಿಸ್ಕ್, 4 ಜಿಬಿ ರ‍್ಯಾಮ್, ವಿಂಡೋಸ್ 10. ಇರುವುದು ಒಂದೇ ಸಿ ಡ್ರೈವ್.

"ಸ್ಟಾಫ್ ರೂಮಲ್ಲಿ ಹೇಳಿದರು ಕಣೋ, ಎಲ್ಲಾ ಸಿ ಒಳಗೇ ತುಂಬಿದರೆ ಸ್ಲೋ ಆಗತ್ತಂತೆ. ಒಂದು ಮೂರು ಪಾರ್ಟಿಷನ್ ಮಾಡಿಕೊಡು" ಎಂದರು.

ಈ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಪಾರ್ಟಿಷನ್ ಅಂದರೆ ನಮ್ಮ ಕಡೆ ಮೊದಲು ನೆನಪಾಗುವುದು ಅಣ್ಣತಮ್ಮಂದಿರ ಆಸ್ತಿ ಪಾಲು. ಡಿಸ್ಕಿನದ್ದೂ ಹೆಚ್ಚುಕಮ್ಮಿ ಅದೇ ಕಥೆ, ಒಂದೇ ಡಿಸ್ಕನ್ನು ಸಿ, ಡಿ, ಇ ಅಂತ ಪಾಲು ಮಾಡುವುದು. ಗದ್ದೆಗೆ ಬದು ಹಾಕಿದರೆ ಯಾರದ್ದು ಎಲ್ಲಿ ಅಂತ ಗೊತ್ತಾಗುತ್ತದೆ. ಫಸಲು ಮಾತ್ರ ಹೆಚ್ಚುವುದಿಲ್ಲ. ವೇಗ ಬೇಕಿದ್ದವರಿಗೆ ಬೇರೆ ದಾರಿಗಳಿವೆ, ಅಚ್ಚುಕಟ್ಟು ಬೇಕಿದ್ದವರಿಗೆ ಪಾರ್ಟಿಷನ್ ಇದೆ. ಎರಡನ್ನೂ ಒಂದೇ ಅಂದುಕೊಂಡಾಗಲೇ ದುಡ್ಡು, ಸಮಯ, ಕೆಲವೊಮ್ಮೆ ಮದುವೆ ಫೋಟೊ ಕೂಡ ಹೋಗುತ್ತದೆ.

ಮೊದಲು ಕಾಯಿಲೆ ಯಾವುದು ನೋಡಿ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಅನ್ನುವ ಕಡೆ ಹೋದರೆ ಡಿಸ್ಕ್ ಹೆಚ್‌ಡಿಡಿಯೋ (ತಿರುಗುವ ಹಾರ್ಡ್ ಡಿಸ್ಕ್) ಎಸ್‌ಎಸ್‌ಡಿಯೋ (ತಿರುಗುವ ಭಾಗವಿಲ್ಲದ, ಚಿಪ್ಪುಗಳಲ್ಲೇ ಬರೆದಿಡುವ ಡಿಸ್ಕ್) ಅಂತ ಈಚಿನ ವಿಂಡೋಸ್ ತಾನೇ ಬರೆದು ತೋರಿಸುತ್ತದೆ. ಈಗ ದಿನವೂ ಮಾಡುವ ಕೆಲಸವನ್ನೇ ಮಾಡುತ್ತಾ ಆ ಅಂಕಿಗಳನ್ನು ಐದು ನಿಮಿಷ ನೋಡಿ. ಡಿಸ್ಕ್ 100 ಪರ್ಸೆಂಟಿಗೆ ಅಂಟಿಕೊಂಡು ಕೂತಿದೆಯಾ? ಮೆಮೊರಿ, ಅಂದರೆ ರ‍್ಯಾಮ್, 85, 90 ದಾಟಿದೆಯಾ? ಅಥವಾ ಸಿಪಿಯುವೇ ಏದುಸಿರು ಬಿಡುತ್ತಿದೆಯಾ?

ಅತ್ತಿಗೆಯದ್ದರಲ್ಲಿ ಡಿಸ್ಕ್ 100, ಮೆಮೊರಿ 91 ಇತ್ತು. ಕಿವಿ ಹತ್ತಿರ ಇಟ್ಟರೆ ಒಳಗೆ ಹಲ್ಲಿ ಲೊಚಗುಟ್ಟಿದ ಹಾಗೆ ಸದ್ದು. ಸಿಪಿಯು ಮಾತ್ರ 12ರಲ್ಲಿ ಆರಾಮವಾಗಿ ಕೂತಿತ್ತು. ಅಂದರೆ ಕೆಲಸಗಾರ ಖಾಲಿ ಕೂತಿದ್ದಾನೆ, ಸಾಮಾನು ತಂದುಕೊಡುವವನೇ ಬರುತ್ತಿಲ್ಲ.

ಯಾಕೆ ಬರುತ್ತಿಲ್ಲ? ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಸೆಕೆಂಡಿಗೆ 90 ಸುತ್ತು. ಬೇಕಾದ ಫೈಲು ಇರುವ ಜಾಗ ತಿರುಗಿ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಅದು ಐದೂವರೆ ಮಿಲಿಸೆಕೆಂಡು. ಓದುವ ಮುಳ್ಳು ಆ ಗೆರೆಗೆ ಸರಿಯಲು ಇನ್ನೊಂದು ಹನ್ನೆರಡು ಮಿಲಿಸೆಕೆಂಡು ಸೇರಿಸಿ. ಚೆಲ್ಲಾಪಿಲ್ಲಿಯಾಗಿರುವ ಸಣ್ಣ ಸಣ್ಣ ಫೈಲುಗಳಾದರೆ ಸೆಕೆಂಡಿಗೆ ಐವತ್ತು ಅರವತ್ತು ಸಲ ಓದಿದರೆ ಹೆಚ್ಚು. ವಿಂಡೋಸ್ ಎದ್ದೇಳುವಾಗ ಇಂಥ ಸಾವಿರಾರು ಓದು ಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವುದೂ ಇಲ್ಲ, ಸರಿಯುವುದೂ ಇಲ್ಲ. ಒಂದು ಓದಿಗೆ 0.1 ಮಿಲಿಸೆಕೆಂಡಿನ ಆಸುಪಾಸು ಅಷ್ಟೆ.

ಇಲ್ಲೇ ಇನ್ನೊಂದು ಪರೀಕ್ಷೆ ಮಾಡಿಬಿಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ. ಡಿಸ್ಕಿನ ಆರೋಗ್ಯವನ್ನು ನೀಲಿ, ಹಳದಿ, ಕೆಂಪಿನಲ್ಲಿ ತೋರಿಸುತ್ತದೆ. ಹಳದಿ ಬಂದರೆ ಪಾರ್ಟಿಷನ್ ಮಾತೇ ಬೇಡ. ಅವತ್ತೇ ಫೈಲುಗಳನ್ನು ಬೇರೆ ಕಡೆ ಕಾಪಿ ಮಾಡಿ, ಹೊಸ ಡಿಸ್ಕ್ ನೋಡಿ. ಸಾಯುತ್ತಿರುವ ಡಿಸ್ಕಿಗೆ ಪಾರ್ಟಿಷನ್ ಮಾಡಲು ಹೋಗಿ ಪೂರ್ತಿ ಕೊಂದವರನ್ನು ನೋಡಿದ್ದೇನೆ.

ಒಂದೇ ಸಿ ಡ್ರೈವ್ ಅಥವಾ ಸಿ, ಡಿ, ಇ

ಪಾರ್ಟಿಷನ್ ಮಾಡಿದರೆ ಸ್ಪೀಡ್ ಅನ್ನುವ ನಂಬಿಕೆ ಗಾಳಿಯಿಂದ ಬಂದದ್ದಲ್ಲ. ವಿಂಡೋಸ್ 95ರ ಕಾಲದ ಫ್ಯಾಟ್16 ವ್ಯವಸ್ಥೆಯಲ್ಲಿ ಒಂದು ಡ್ರೈವ್ 2 ಜಿಬಿ ಮೀರುವಂತೆಯೇ ಇರಲಿಲ್ಲ. ಡ್ರೈವ್ ದೊಡ್ಡದಾದಷ್ಟೂ ಜಾಗ ಪೋಲು. 2 ಜಿಬಿ ಡ್ರೈವಿನಲ್ಲಿ 1 ಕೆಬಿಯ ಪುಟ್ಟ ಫೈಲ್ ಕೂಡ 32 ಕೆಬಿ ಜಾಗ ನುಂಗುತ್ತಿತ್ತು. ಆಗ ಪಾಲು ಮಾಡದೆ ವಿಧಿ ಇರಲಿಲ್ಲ. ಈಗ ನಾವು ಬಳಸುವ ಎನ್‌ಟಿಎಫ್‌ಎಸ್‌ನಲ್ಲಿ ಆ ಕಷ್ಟ ಇಲ್ಲ, ಅಭ್ಯಾಸ ಮಾತ್ರ ಉಳಿದಿದೆ. ಫ್ಲಾಪಿ ಕಾಣೆಯಾದರೂ ಎ, ಬಿ ಅಕ್ಷರ ಬಿಟ್ಟು ಸಿಯಿಂದಲೇ ಶುರು ಮಾಡುತ್ತೇವಲ್ಲ, ಹಾಗೆ.

ಇನ್ನೊಂದು ಅರ್ಧಸತ್ಯವೂ ಇದೆ. ತಿರುಗುವ ಡಿಸ್ಕಿನ ಹೊರಗಿನ ಅಂಚು ಒಳಗಿನ ಅಂಚಿಗಿಂತ ಸುಮಾರು ಎರಡು ಪಟ್ಟು ವೇಗವಾಗಿ ಡೇಟಾ ಕೊಡುತ್ತದೆ. ಮೊದಲ ಪಾರ್ಟಿಷನ್ ಬೀಳುವುದು ಹೊರ ಅಂಚಿನಲ್ಲೇ. ಹಾಗಾಗಿ ಸಿಯನ್ನು ಚಿಕ್ಕದಾಗಿ ಇಟ್ಟರೆ ವಿಂಡೋಸ್ ಆ ವೇಗದ ಭಾಗದಲ್ಲೇ ಉಳಿಯುತ್ತದೆ, ಮುಳ್ಳು ಓಡಾಡುವ ದೂರವೂ ಕಡಿಮೆ. ಕೇಳಲು ಚೆನ್ನಾಗಿದೆ. ಆದರೆ ನೀವು ಸಿಯಲ್ಲಿರುವ ವರ್ಡ್‌ನಿಂದ ಡಿಯಲ್ಲಿರುವ ಫೈಲ್ ತೆರೆದ ಕೂಡಲೇ ಅದೇ ಮುಳ್ಳು ಆ ತುದಿಯಿಂದ ಈ ತುದಿಗೆ ಓಡಬೇಕು. ಡ್ರೈವ್ ಎರಡಾದರೂ ಮುಳ್ಳು ಚಲಿಸುವ ತೋಳು ಒಂದೇ. ಕೆಲವರು ಪೇಜ್‌ಫೈಲನ್ನು (ರ‍್ಯಾಮ್ ಸಾಲದಾಗ ವಿಂಡೋಸ್ ಡಿಸ್ಕಿನಲ್ಲಿ ಬಳಸುವ ಫೈಲು) ಅದೇ ಡಿಸ್ಕಿನ ಡಿಗೆ ಸಾಗಿಸಿ ಜಾಣತನ ಮಾಡಿದೆವು ಅಂದುಕೊಳ್ಳುತ್ತಾರೆ. ಅದರಿಂದ ಓಡಾಟ ಜಾಸ್ತಿಯಾಗುತ್ತದೆ ಅಷ್ಟೆ.

ಎಸ್‌ಎಸ್‌ಡಿಯಲ್ಲಂತೂ ಹೊರ ಅಂಚು, ಒಳ ಅಂಚು ಅನ್ನುವುದೇ ಇಲ್ಲ. ನೀವು ಎಲ್ಲಿ ಬದು ಹಾಕಿದರೂ ಅದರೊಳಗಿನ ಕಂಟ್ರೋಲರ್ ತನಗೆ ಬೇಕಾದ ಚಿಪ್ಪಿಗೆ ಬರೆಯುತ್ತದೆ. ನಿಮ್ಮ ಡಿ ಡ್ರೈವ್ ಬರೀ ಕಾಗದದ ಮೇಲಿನ ಗೆರೆ.

ಹಾಗಾದರೆ ಪಾರ್ಟಿಷನ್ ಯಾರಿಗೆ? ನನ್ನ ಲೆಕ್ಕದಲ್ಲಿ ಮೂರು ಥರದವರಿಗೆ. ವರ್ಷಕ್ಕೊಮ್ಮೆ ವಿಂಡೋಸ್ ಹೊಸದಾಗಿ ಹಾಕುವವರಿಗೆ, ಒಂದೇ ಯಂತ್ರದಲ್ಲಿ ವಿಂಡೋಸ್ ಮತ್ತು ಲಿನಕ್ಸ್ (ವಿಂಡೋಸ್ ಬದಲಿಗೆ ಬಳಸಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್) ಎರಡನ್ನೂ ಇಟ್ಟುಕೊಳ್ಳುವವರಿಗೆ, ಮತ್ತು ದೊಡ್ಡ ಹಾರ್ಡ್ ಡಿಸ್ಕಿನಲ್ಲಿ ಕೆಲಸದ ಫೈಲುಗಳು ಸಿಸ್ಟಮ್ ಜೊತೆ ಬೆರೆಯಬಾರದು ಅನ್ನುವ ಶಿಸ್ತಿನವರಿಗೆ. ಉಳಿದವರಿಗೆ ಫೋಲ್ಡರ್ ಸಾಕು. ಫೋಲ್ಡರಿಗೆ ಗೋಡೆ ಇಲ್ಲ. ಫೋಟೊ ಜಾಸ್ತಿಯಾದರೆ ಅದೇ ಹಿಗ್ಗುತ್ತದೆ. ಪಾರ್ಟಿಷನ್ ಹಾಗಲ್ಲ. ಸಿ ಕೆಂಪಾಗಿ ಉಸಿರುಗಟ್ಟುತ್ತಿರುತ್ತದೆ, ಡಿಯಲ್ಲಿ 400 ಜಿಬಿ ಸುಮ್ಮನೆ ಬಿದ್ದಿರುತ್ತದೆ. ಈ ದೃಶ್ಯ ನೋಡದವರು ಯಾರಿದ್ದಾರೆ?

256 ಜಿಬಿ ಎಸ್‌ಎಸ್‌ಡಿಯನ್ನು ದಯವಿಟ್ಟು ಒಡೆಯಬೇಡಿ. 512ನ್ನೂ ಲಿನಕ್ಸ್ ಹಾಕದಿದ್ದರೆ ಹಾಗೇ ಬಿಡಿ. 1 ಟಿಬಿ ಹಾರ್ಡ್ ಡಿಸ್ಕ್ ಆದರೆ ಸಿಗೆ 200 ಜಿಬಿ ಕೊಟ್ಟು ಉಳಿದದ್ದನ್ನು ಡಿ ಮಾಡಬಹುದು. ಅಂದಹಾಗೆ 1 ಟಿಬಿ ಅಂತ ಕೊಂಡದ್ದು ವಿಂಡೋಸಿನಲ್ಲಿ 931 ಜಿಬಿ ಅಂತಲೇ ಕಾಣುತ್ತದೆ. ಅಂಗಡಿಯವನು ಮೋಸ ಮಾಡಿಲ್ಲ. ಕಂಪನಿ 1000ದ ಲೆಕ್ಕ ಹಿಡಿಯುತ್ತದೆ, ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ.

"ಸಿ ಫಾರ್ಮ್ಯಾಟ್ ಮಾಡಿದರೂ ಡಿಯಲ್ಲಿರುವುದು ಉಳಿಯುತ್ತದೆ" ಅನ್ನುವುದು ನಿಜ. ಆದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಮೂರೂ ಇರುವುದು ಸಿ ಒಳಗೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಡೆಸ್ಕ್‌ಟಾಪ್ ತುಂಬ ಫೈಲ್ ಹರಡಿಕೊಂಡು, ನನ್ನದೆಲ್ಲ ಹೊರಗೇ ಇದೆ ಅಂತ ನಿಶ್ಚಿಂತೆಯಾಗಿ ಇರುತ್ತಾರೆ. ಡಾಕ್ಯುಮೆಂಟ್ಸ್ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಲೊಕೇಶನ್ ಅನ್ನುವಲ್ಲಿ ಡಿಯ ವಿಳಾಸ ಕೊಟ್ಟರೆ ಮಾತ್ರ ಅದು ಅಲ್ಲಿಗೆ ಹೋಗುತ್ತದೆ. ಇನ್ನೊಂದು ಮಾತು: ಡಿ ಡ್ರೈವ್ ಬ್ಯಾಕಪ್ ಅಲ್ಲ. ಡಿಸ್ಕ್ ಕೆಟ್ಟರೆ ಸಿಯೂ ಹೋಗುತ್ತದೆ, ಡಿಯೂ ಹೋಗುತ್ತದೆ.

ಮಾಡುವುದೇ ಆದರೆ

ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್, ಡಿಸ್ಕ್ ಮ್ಯಾನೇಜ್‌ಮೆಂಟ್. ಸಿ ಮೇಲೆ ರೈಟ್ ಕ್ಲಿಕ್, ಶ್ರಿಂಕ್ ವಾಲ್ಯೂಮ್. ಖಾಲಿಯಾದ ಜಾಗದ ಮೇಲೆ ನ್ಯೂ ಸಿಂಪಲ್ ವಾಲ್ಯೂಮ್. ಇಷ್ಟೇ, ಇದಕ್ಕೆ ಹೊರಗಿನ ಸಾಫ್ಟ್‌ವೇರ್ ಬೇಡ. ಆದರೆ 600 ಜಿಬಿ ಖಾಲಿ ಇದ್ದರೂ ಅದು 350 ಮಾತ್ರ ಕೊಡುತ್ತೇನೆ ಅನ್ನಬಹುದು. ಪೇಜ್‌ಫೈಲ್, ಹೈಬರ್ನೇಷನ್ ಫೈಲಿನಂಥ ಕದಲಿಸಲಾಗದ ಫೈಲುಗಳು ನಡುವೆ ಕೂತಿರುತ್ತವೆ. ಅವುಗಳನ್ನು ತಾತ್ಕಾಲಿಕವಾಗಿ ಆಫ್ ಮಾಡಿ, ರೀಸ್ಟಾರ್ಟ್ ಮಾಡಿದರೆ ಇನ್ನಷ್ಟು ಜಾಗ ಸಿಗುವ ಸಂಭವ ಇದೆ.

ಶುರು ಮಾಡುವ ಮೊದಲು, ಡಿಸ್ಕಿಗೆ ಗುಪ್ತಲಿಪಿಯ ಬೀಗ ಹಾಕುವ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಆನ್ ಇದೆಯಾ ನೋಡಿ. ಹೊಸ ವಿಂಡೋಸ್ 11 ಲ್ಯಾಪ್‌ಟಾಪುಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಕೂಡಲೇ ಅದು ತಾನಾಗಿಯೇ ಆನ್ ಆಗಿರುವುದುಂಟು. ಆನ್ ಇದ್ದರೆ 48 ಅಂಕಿಯ ರಿಕವರಿ ಕೀಯನ್ನು ಬರೆದಿಟ್ಟುಕೊಂಡೇ ಮುಂದೆ ಹೋಗಿ.

ಬದು ಹಾಕುವುದು ಸುಲಭ, ಸರಿಸುವುದು ಕಷ್ಟ. ಸಿಯನ್ನು ಮತ್ತೆ ಹಿಗ್ಗಿಸಬೇಕಾದರೆ ಖಾಲಿ ಜಾಗ ಅದರ ಬಲಕ್ಕೆ ಅಂಟಿಕೊಂಡೇ ಇರಬೇಕು. ನಡುವೆ ಡಿ ಅಥವಾ ರಿಕವರಿ ಪಾರ್ಟಿಷನ್ ಕೂತಿದ್ದರೆ ಎಕ್ಸ್‌ಟೆಂಡ್ ವಾಲ್ಯೂಮ್ ಅನ್ನುವುದು ಮಂಕಾಗಿ ಇರುತ್ತದೆ, ಒತ್ತಲು ಆಗುವುದಿಲ್ಲ. ಆಗ ಜನ ಹೊರಗಿನ ಸಾಫ್ಟ್‌ವೇರ್ ಹಾಕಿ ಡಿಯನ್ನೇ ಬಲಕ್ಕೆ ತಳ್ಳುತ್ತಾರೆ. ನಾನೂ ಒಮ್ಮೆ ತಳ್ಳಿದೆ. ಡಿಯಲ್ಲಿದ್ದ ಅಷ್ಟೂ ಡೇಟಾ ಒಂದೊಂದೇ ತುಣುಕಾಗಿ ಹೊಸ ಜಾಗಕ್ಕೆ ಹೋಗಬೇಕು. ನಾಲ್ಕು ಗಂಟೆ ಅಂತ ತೋರಿಸಿತು. ಎರಡನೇ ಗಂಟೆಯಲ್ಲಿ ಕರೆಂಟ್ ಹೋಯಿತು. ಬ್ಯಾಟರಿ ಸತ್ತು ವರ್ಷವಾಗಿತ್ತು, ಹೊಸದು ಹಾಕಿಸೋಣ ಹಾಕಿಸೋಣ ಅಂತ ಮುಂದೂಡಿದ್ದೆ. ಕರೆಂಟ್ ಬಂದ ಮೇಲೆ ಡಿ ಕ್ಲಿಕ್ ಮಾಡಿದರೆ, ಈ ಡ್ರೈವ್ ಬಳಸಲು ಮೊದಲು ಫಾರ್ಮ್ಯಾಟ್ ಮಾಡಬೇಕು ಅನ್ನುತ್ತಿದೆ. ಫೋಟೊರೆಕ್ ಅನ್ನುವ ಉಚಿತ ಸಾಫ್ಟ್‌ವೇರ್ ಒಂದು ರಾತ್ರಿ ಓಡಿ ಬಹಳಷ್ಟು ಫೋಟೊ ಎತ್ತಿಕೊಟ್ಟಿತು. ಆದರೆ ಒಂದಕ್ಕೂ ಹೆಸರಿಲ್ಲ, ಫೋಲ್ಡರ್ ಇಲ್ಲ. ಮಗಳ ನಾಮಕರಣವೂ ಯಾರದೋ ಬಿಲ್ಲಿನ ಫೋಟೊವೂ ಅಕ್ಕಪಕ್ಕ. ಇವತ್ತಿಗೂ ಪೂರ್ತಿ ವಿಂಗಡಿಸಿಲ್ಲ.

ದುಡ್ಡು ಕೇಳದ ಕೆಲಸ

ಖರ್ಚಿಗೆ ಮೊದಲು ಇವನ್ನು ಮಾಡಿ ನೋಡಿ. ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪಟ್ಟಿಯಲ್ಲಿ ಬೇಡದ್ದೆಲ್ಲ ಡಿಸೇಬಲ್ ಮಾಡಿ. ಎರಡೆರಡು ಆ್ಯಂಟಿವೈರಸ್ ಇದ್ದರೆ ಒಂದನ್ನು ಕಳಚಿ. ಸಿಯಲ್ಲಿ ಹತ್ತರಿಂದ ಹದಿನೈದು ಪರ್ಸೆಂಟ್ ಜಾಗ ಖಾಲಿ ಉಳಿಯಲಿ. ಹಾರ್ಡ್ ಡಿಸ್ಕ್ ಆದರೆ ಡಿಫ್ರಾಗ್ (ಚೆದುರಿದ ಫೈಲ್ ತುಣುಕುಗಳನ್ನು ಒಟ್ಟಿಗೆ ಜೋಡಿಸುವುದು) ಸ್ವಲ್ಪ ಸಹಾಯ ಮಾಡುತ್ತದೆ. ಎಸ್‌ಎಸ್‌ಡಿಗೆ ಹೊರಗಿನ ಡಿಫ್ರಾಗ್ ಸಾಫ್ಟ್‌ವೇರ್ ಹಾಕಬೇಡಿ, ಅದಕ್ಕೆ ಬೇಕಾದ ಟ್ರಿಮ್ (ಅಳಿಸಿದ ಫೈಲುಗಳ ಜಾಗ ಯಾವುದು ಅಂತ ಎಸ್‌ಎಸ್‌ಡಿಗೆ ತಿಳಿಸುವ) ಕೆಲಸವನ್ನು ವಿಂಡೋಸೇ ವಾರಕ್ಕೊಮ್ಮೆ ಮಾಡಿಕೊಳ್ಳುತ್ತದೆ. ಒಂದೇ ಕ್ಲಿಕ್ಕಿಗೆ ಪಿಸಿ ಬೂಸ್ಟ್ ಮಾಡುತ್ತೇವೆ ಅನ್ನುವ ಸಾಫ್ಟ್‌ವೇರುಗಳ ಗೊಡವೆ ಬೇಡವೇ ಬೇಡ.

ಇದರಿಂದ ಅತ್ತಿಗೆಯ ಕುಕ್ಕರಿನ ಮೂರು ಕೂಗು ಎರಡೂವರೆಗೆ ಇಳಿಯಿತು. ಅಷ್ಟೆ.

ಎಸ್‌ಎಸ್‌ಡಿ ಮೊದಲಾ, ರ‍್ಯಾಮ್ ಮೊದಲಾ

ಎರಡರಲ್ಲಿ ಒಂದನ್ನೇ ಹಾಕಿಸಲು ದುಡ್ಡಿದ್ದರೆ, ಈಗ ಇರುವುದು ಹಾರ್ಡ್ ಡಿಸ್ಕ್ ಆದರೆ, ಕಣ್ಣು ಮುಚ್ಚಿಕೊಂಡು ಎಸ್‌ಎಸ್‌ಡಿ ಹಾಕಿಸಿ. ರ‍್ಯಾಮ್ ಸಾಲದಿದ್ದಾಗ ವಿಂಡೋಸ್ ಡಿಸ್ಕನ್ನೇ ರ‍್ಯಾಮ್ ಥರ ಬಳಸುತ್ತದೆ. ಆ ಡಿಸ್ಕ್ ಚುರುಕಾದರೆ ರ‍್ಯಾಮ್ ಕೊರತೆಯ ಏಟೂ ಕಡಿಮೆಯಾಗುತ್ತದೆ. ಈಗಾಗಲೇ ಎಸ್‌ಎಸ್‌ಡಿ ಇದ್ದು, ಬ್ರೌಸರಿನಲ್ಲಿ ಹತ್ತು ಟ್ಯಾಬ್ ತೆರೆದ ಕೂಡಲೇ ಕುಂಟುತ್ತಿದ್ದರೆ ಮಾತ್ರ ರ‍್ಯಾಮ್ ಮೊದಲು. 4 ಜಿಬಿ ಇವತ್ತಿಗೆ ಸಾಲದು. 8 ಇದ್ದರೆ ಮನೆ, ಶಾಲೆ, ಕಚೇರಿ ಕೆಲಸ ನಡೆಯುತ್ತದೆ.

ಯಾವ ಎಸ್‌ಎಸ್‌ಡಿ ಅನ್ನುವಲ್ಲಿ ಎಡವುವವರು ಬಹಳ. ಹಳೆ ಲ್ಯಾಪ್‌ಟಾಪಿನ ಎರಡೂವರೆ ಇಂಚಿನ ಹಾರ್ಡ್ ಡಿಸ್ಕ್ ಜಾಗಕ್ಕೆ ಅದೇ ಅಳತೆಯ ಸಾಟಾ ಎಸ್‌ಎಸ್‌ಡಿ ಕೂರುತ್ತದೆ. ಇದರ ವೇಗ ಸೆಕೆಂಡಿಗೆ 500 ಎಂಬಿ ಚಿಲ್ಲರೆ. ಎಂ.2 ಅನ್ನುವುದು ಚೂಯಿಂಗ್ ಗಮ್ ಪಟ್ಟಿಯಂತಿರುವ ಕಾರ್ಡು. ಅದರಲ್ಲೂ ಎರಡು ಜಾತಿ: ಸಾಟಾ ಮತ್ತು ಎನ್‌ವಿಎಂಇ. ನೋಡಲು ಅಣ್ಣತಮ್ಮಂದಿರಂತೆ ಇದ್ದರೂ ಸಾಟಾ ಮಾತ್ರ ಒಪ್ಪುವ ಸ್ಲಾಟಿನಲ್ಲಿ ಎನ್‌ವಿಎಂಇ ಹಾಕಿದರೆ ಲ್ಯಾಪ್‌ಟಾಪ್ ಅದನ್ನು ಗುರುತಿಸುವುದೇ ಇಲ್ಲ. ಎನ್‌ವಿಎಂಇ ಸೆಕೆಂಡಿಗೆ 3000 ಎಂಬಿ ಮೀರಿ ಓಡುತ್ತದೆ, ನಿಜ. ಆದರೆ ಹಾರ್ಡ್ ಡಿಸ್ಕಿನಿಂದ ಸಾಟಾಗೆ ಬಂದಾಗ ಆಗುವ ಖುಷಿ, ಸಾಟಾದಿಂದ ಎನ್‌ವಿಎಂಇಗೆ ಹೋದಾಗ ಆಗುವುದಿಲ್ಲ. ವಿಡಿಯೋ ಎಡಿಟಿಂಗ್ ಮಾಡುವವರ ಮಾತು ಬೇರೆ.

ರ‍್ಯಾಮಿನಲ್ಲೂ ಡಿಡಿಆರ್3, ಡಿಡಿಆರ್4 ಅಂತ ತಲೆಮಾರುಗಳಿವೆ, ಎರಡರ ಕಚ್ಚೂ ಒಂದೇ ಜಾಗದಲ್ಲಿ ಇರುವುದಿಲ್ಲ. ಒಂದು ಇನ್ನೊಂದರೊಳಗೆ ಕೂರದು. ತೆಳ್ಳಗಿನ ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಬೆಂಗಳೂರಿನವರು ಎಸ್‌ಪಿ ರಸ್ತೆಗೆ ಹೋಗುವ ಮೊದಲು ಮಾಡೆಲ್ ನಂಬರಿನ ಜೊತೆಗೆ ಹಿಂಬದಿ ತೆಗೆದು ಒಳಗಿನ ಸ್ಲಾಟಿನ ಫೋಟೊ ತೆಗೆದುಕೊಂಡು ಹೋಗಿ. ಬೆಲೆ ತಿಂಗಳಿಂದ ತಿಂಗಳಿಗೆ ಏರಿಳಿಯುತ್ತದೆ, ಎರಡು ಮೂರು ಅಂಗಡಿಯಲ್ಲಿ ಕೇಳಿ.

ಡಿವಿಡಿ ಡ್ರೈವ್ ಇರುವ ಹಳೆ ಲ್ಯಾಪ್‌ಟಾಪ್ ಆದರೆ ನಿಮ್ಮ ಅದೃಷ್ಟ. ಡಿವಿಡಿ ತೆಗೆದು ಅಲ್ಲಿ ಕ್ಯಾಡಿ ಅನ್ನುವ ಚೌಕಟ್ಟು ಹಾಕಿ, ಅದರೊಳಗೆ ಹಳೆ ಹಾರ್ಡ್ ಡಿಸ್ಕ್ ಕೂರಿಸಬಹುದು. ಕ್ಯಾಡಿ 9.5 ಮತ್ತು 12.7 ಮಿಲಿಮೀಟರ್ ದಪ್ಪದಲ್ಲಿ ಬರುತ್ತದೆ, ಅಳೆದು ಕೊಳ್ಳಿ. ವಿಂಡೋಸ್ ಎಸ್‌ಎಸ್‌ಡಿಯಲ್ಲಿ, ಫೋಟೊಗಳು ಹಳೆ ಡಿಸ್ಕಿನಲ್ಲಿ. ಎರಡಕ್ಕೂ ಬೇರೆ ಬೇರೆ ಯಂತ್ರಾಂಗ, ಒಬ್ಬರಿಗಾಗಿ ಇನ್ನೊಬ್ಬರು ಕಾಯಬೇಕಿಲ್ಲ. ನನಗೆ ಇಷ್ಟವಾಗುವ ಪಾರ್ಟಿಷನ್ ಇದೊಂದೇ.

ಕ್ಲೋನ್ ಅಥವಾ ಹೊಸ ಇನ್‌ಸ್ಟಾಲ್

ಕ್ಲೋನ್ ಮಾಡಿದರೆ ಹಳೆ ಮನೆ ಇದ್ದ ಹಾಗೇ ಹೊಸ ಜಾಗಕ್ಕೆ ಬರುತ್ತದೆ, ಕಸದ ಸಮೇತ. ಹೊಸದಾಗಿ ವಿಂಡೋಸ್ ಹಾಕಿದರೆ ಅರ್ಧ ದಿನ ಬೇಕು, ಆದರೆ ಯಂತ್ರ ಹಗುರವಾಗುತ್ತದೆ. ಅಸಲಿ ವಿಂಡೋಸ್ 10ರ ಲೈಸೆನ್ಸ್ ಮದರ್‌ಬೋರ್ಡಿಗೆ ಹೊಂದಿಕೊಂಡಿರುತ್ತದೆ. ಡಿಸ್ಕ್ ಬದಲಾದರೂ ಇಂಟರ್‌ನೆಟ್‌ಗೆ ಸೇರಿಸಿದ ಮೇಲೆ ತಾನೇ ಆ್ಯಕ್ಟಿವೇಟ್ ಆಗುತ್ತದೆ. ನಾನು ಹೊಸದರ ಪರ.

ಕನ್ನಡದಲ್ಲಿ ಟೈಪ್ ಮಾಡುವವರು ಇಲ್ಲಿ ಒಂದು ಕ್ಷಣ ನಿಲ್ಲಿ. ಹಳೆಯ ನುಡಿ ಫಾಂಟಿನಲ್ಲಿ, ಅಂದರೆ ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಮಾಡಿದ ಫೈಲುಗಳಿದ್ದರೆ, ಆ ಫಾಂಟುಗಳು ಸಿ ಒಳಗಿನ ವಿಂಡೋಸ್ ಫೋಲ್ಡರಿನಲ್ಲಿ ಇರುತ್ತವೆ. ಫೈಲುಗಳನ್ನು ಜೋಪಾನವಾಗಿ ಪೆನ್‌ಡ್ರೈವಿಗೆ ಹಾಕಿಕೊಂಡು ಫಾಂಟ್ ಮರೆತರೆ, ತೆರೆದಾಗ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಫೈಲ್ ಹಾಳಾಗಿಲ್ಲ, ಫಾಂಟ್ ಇಲ್ಲ ಅಷ್ಟೆ. ಆದರೆ ಪರೀಕ್ಷೆಯ ಹಿಂದಿನ ರಾತ್ರಿ ಅದನ್ನು ನೋಡಿದ ಟೀಚರಿಗೆ ಎದೆ ಧಸಕ್ಕೆನ್ನುತ್ತದೆ.

ವಿಂಡೋಸ್ 10 ಇರುವವರ ಇನ್ನೊಂದು ಲೆಕ್ಕ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ ಸೆಕ್ಯುರಿಟಿ ಅಪ್‌ಡೇಟ್ 2026ರ ಅಕ್ಟೋಬರ್ 13ರವರೆಗೆ ಅಂತ ಮೈಕ್ರೋಸಾಫ್ಟ್ ಪ್ರಕಟಿಸಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಯಂತ್ರದಲ್ಲಿ ಬೇಕು, ಇಂಟೆಲ್ ಆದರೆ ಬಹುತೇಕ ಎಂಟನೇ ತಲೆಮಾರು ಅಥವಾ ಆಮೇಲಿನ ಪ್ರೊಸೆಸರ್ ಬೇಕು. ಅದಕ್ಕೆ ಒಪ್ಪದ ಯಂತ್ರಕ್ಕೂ ಎಸ್‌ಎಸ್‌ಡಿ ಹಾಕಿಸಿದ್ದು ವ್ಯರ್ಥವಲ್ಲ, ಮುಂದೆ ಲಿನಕ್ಸ್ ಮಿಂಟ್ ಹಾಕಿಕೊಳ್ಳಬಹುದು. ಅದಕ್ಕೆ 2 ಜಿಬಿ ರ‍್ಯಾಮ್ ಇದ್ದರೂ ನಡೆಯುತ್ತದೆ, 4 ಇದ್ದರೆ ಆರಾಮ. ಕನ್ನಡ ಟೈಪಿಂಗಿಗೆ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಅಲ್ಲೂ ಸಿಗುತ್ತದೆ.

ವಿಂಡೋಸ್ ಪಕ್ಕದಲ್ಲೇ ಮಿಂಟ್ ಇಟ್ಟುಕೊಂಡು ಅಭ್ಯಾಸ ಮಾಡಿಕೊಳ್ಳಬೇಕಾದರೆ ಪಾರ್ಟಿಷನ್ ನಿಜವಾಗಿ ಬೇಕಾಗುತ್ತದೆ. 100 ಜಿಬಿ ಖಾಲಿ ಬಿಡಿಸಿಕೊಡಿ. ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಇಲ್ಲದಿದ್ದರೆ ಶಟ್‌ಡೌನ್ ಆದರೂ ವಿಂಡೋಸ್ ಅರೆನಿದ್ದೆಯಲ್ಲಿರುತ್ತದೆ, ಲಿನಕ್ಸಿನಿಂದ ಆ ಡ್ರೈವಿಗೆ ಬರೆಯಲು ಆಗುವುದಿಲ್ಲ.

ಅತ್ತಿಗೆಯ ಲ್ಯಾಪ್‌ಟಾಪ್

ಕೊನೆಗೆ ಅವರದಕ್ಕೆ 512 ಜಿಬಿಯ ಸಾಟಾ ಎಸ್‌ಎಸ್‌ಡಿ, ಇನ್ನೊಂದು 4 ಜಿಬಿ ರ‍್ಯಾಮ್, ಡಿವಿಡಿ ಜಾಗದಲ್ಲಿ ಕ್ಯಾಡಿ ಹಾಕಿದೆ. ಹಿಂಬದಿಯ ಹನ್ನೊಂದು ಸ್ಕ್ರೂಗಳನ್ನು ತಟ್ಟೆಯಲ್ಲಿ ಬಿಚ್ಚಿಟ್ಟ ಕ್ರಮದಲ್ಲೇ ಜೋಡಿಸಿಟ್ಟಿದ್ದೆ. ಅಣ್ಣ ಕಾಫಿ ಲೋಟ ಇಡಲು ಆ ತಟ್ಟೆಯನ್ನೇ ಸರಿಸಿದ. ಅದರಲ್ಲಿ ಎರಡು ಸ್ಕ್ರೂ ಉದ್ದ, ಎಲ್ಲಿಯವು ಅಂತ ಹುಡುಕಲು ಅರ್ಧ ಗಂಟೆ. ಉದ್ದನೆಯದನ್ನು ತಪ್ಪು ತೂತಿಗೆ ತಿರುಗಿಸಿದರೆ ಕೀಬೋರ್ಡ್ ಕಡೆಗೆ ಚುಚ್ಚಿಕೊಂಡು ಬರುತ್ತದೆ. ಹಳೆ ಡಿಸ್ಕಿನಲ್ಲಿದ್ದದ್ದನ್ನು ಮೊದಲೇ ಹೊರಗಿನ ಡಿಸ್ಕಿಗೂ ಕಾಪಿ ಮಾಡಿಟ್ಟಿದ್ದೆ. ಎಸ್‌ಎಸ್‌ಡಿಯಲ್ಲಿ ಹೊಸದಾಗಿ ವಿಂಡೋಸ್, ನುಡಿ, ಹಳೆ ಫಾಂಟುಗಳು.

ಬಟನ್ ಒತ್ತಿದರು. ಕನ್ನಡಕ ಹುಡುಕಿ ಹಾಕಿಕೊಳ್ಳುವಷ್ಟರಲ್ಲಿ ಡೆಸ್ಕ್‌ಟಾಪ್ ಬಂದಿತ್ತು. ಅವರು ಅದರ ಬಗ್ಗೆ ಏನೂ ಹೇಳಲಿಲ್ಲ, ನೇರ ಮೈ ಕಂಪ್ಯೂಟರ್ ತೆರೆದರು.

"ಸಿ, ಡಿ. ಎರಡೇ ಇದೆಯಲ್ಲೋ. ಮೂರು ಹೇಳಿದ್ದೆ."

ಜೇಬಿನಲ್ಲಿದ್ದ ಪೆನ್‌ಡ್ರೈವ್ ಚುಚ್ಚಿದೆ. ಇ ಬಂತು.